ಟೈಮಿಂಗ್ ಕವರ್ ಒಳಗೆ ಸಿಕ್ಕ ಒಂದು ಚಮಚ ಪುಡಿ

ಇದು ಪೀಣ್ಯದ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ಎದುರಿಗೆ ಕೂತವರಲ್ಲಿ ಅರ್ಧ ಜನ ಐಟಿಐ ಓದುವ ಹುಡುಗರು, ಹುಡುಗಿಯರು. ಮಿಕ್ಕವರು ಗ್ಯಾರೇಜ್ ನಡೆಸುವವರು, ಗೂಡ್ಸ್ ಗಾಡಿ ಇಟ್ಟುಕೊಂಡವರು. ಮಾತು ಮುಗಿದ ಮೇಲೆ ಕೆಲವರು ಇದನ್ನು ಬರೆದು ಕೊಡಿ ಅಂದರು. ಅಲ್ಲಿ ಮೇಜಿನ ಮೇಲೆ ಪೊಟ್ಟಣ ಬಿಚ್ಚಿ ತೋರಿಸಿದ್ದೆ. ಇಲ್ಲಿ ಅದನ್ನೆಲ್ಲ ಮಾತಲ್ಲೇ ಹೇಳಬೇಕು. ಹಾಗಾಗಿ ಅಲ್ಲಲ್ಲಿ ವಿವರ ಸ್ವಲ್ಪ ಜಾಸ್ತಿಯಾಗಿದೆ.

ಎಲ್ಲರಿಗೂ ನಮಸ್ಕಾರ.

ಈ ಪೊಟ್ಟಣದಲ್ಲಿ ಒಂದು ಚಮಚದಷ್ಟು ಪುಡಿ ಇದೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಮೂಸಬೇಡಿ, ಊದಬೇಡಿ. ಇದರಲ್ಲಿ ಕಪ್ಪು ಇದೆ, ಕೆಂಪು ಇದೆ. ಬೆಳ್ಳಿ ಹಾಗೆ ಮಿಂಚುವ ಚೂರುಗಳಿವೆ. ಕೂದಲಿನಂಥ ಎಳೆಗಳಿವೆ. ಒಂದು ಪಿಕಪ್ ಟ್ರಕ್ಕಿನ ಟೈಮಿಂಗ್ ಬೆಲ್ಟ್ ಬದಲಿಸಲು ಕೆಳಗಿನ ಕವರ್ ಬಿಚ್ಚಿದಾಗ ಇದು ಟ್ರೇಗೆ ಬಿತ್ತು. ಇದು ಏನು, ಎಲ್ಲಿಂದ ಬಂತು ಅಂತ ತಿಳಿಯಲು ನಮಗೆ ಒಂದೂವರೆ ದಿನ ಹಿಡಿಯಿತು. ಆ ಒಂದೂವರೆ ದಿನದ ಕಥೆಯನ್ನೇ ಇವತ್ತು ಹೇಳುತ್ತೇನೆ.

ಅದಕ್ಕೂ ಮುಂಚೆ ಬೆಲ್ಟಿನ ಬಗ್ಗೆ ನಾಲ್ಕು ಮಾತು. ಗೊತ್ತಿರುವವರು ಸ್ವಲ್ಪ ತಾಳ್ಮೆಯಿಂದ ಇರಿ.

ಎಂಜಿನ್ನಿನ ಕೆಳಗೆ ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್ ಇದೆ. ಮೇಲೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್ ಇದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಈ ಲೆಕ್ಕ ಒಂದು ಹಲ್ಲು ಕೂಡ ತಪ್ಪಬಾರದು. ದೊಡ್ಡ ಲಾರಿಗಳಲ್ಲಿ ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಈ ಕೆಲಸವನ್ನು ಸಾಮಾನ್ಯವಾಗಿ ಗೇರ್‌ಗಳು ಮಾಡುತ್ತವೆ. ಕೆಲವು ಎಂಜಿನ್‌ಗಳಲ್ಲಿ ಚೈನ್ ಇರುತ್ತದೆ. ಕೆಲವು ಸಣ್ಣ ಟ್ರಕ್ಕು, ಪಿಕಪ್‌ಗಳಲ್ಲಿ ಹಲ್ಲಿರುವ ರಬ್ಬರ್ ಬೆಲ್ಟ್ ಇದೆ. ಕಾರಿಗೆ ಈ ಬೆಲ್ಟನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಹಾಕಿದ್ದು ಜರ್ಮನಿಯ ಗ್ಲಾಸ್ ಎಂಬ ಕಂಪನಿ, 1962ರಲ್ಲಿ. ಸದ್ದು ಕಮ್ಮಿ, ತೂಕ ಕಮ್ಮಿ, ಎಣ್ಣೆ ಬೇಡ. ಹಾಗಾಗಿ ಬೇಗ ಹರಡಿತು.

ನಾವು ರಬ್ಬರ್ ಬೆಲ್ಟ್ ಅನ್ನುತ್ತೇವೆ. ಆದರೆ ಅದರ ಶಕ್ತಿ ರಬ್ಬರಿನಲ್ಲಿ ಇಲ್ಲ. ಒಳಗೆ ಉದ್ದಕ್ಕೂ ಗಾಜಿನ ನಾರಿನ ಹುರಿಗಳಿವೆ. ಎಳೆತ ತಡೆಯುವುದು ಅವು. ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಒಂದು ಪದರ ಇದೆ. ಸವೆತ ತಡೆಯುವುದು ಅದು. ರಬ್ಬರ್ ಇವೆರಡನ್ನೂ ಹಿಡಿದಿಡುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಎಂಜಿನ್ 3,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3,000 ಸುತ್ತಿನಲ್ಲಿ, ಓಡುವಾಗ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ವಾಲ್ವಿಗೂ ನಡುವೆ ಜಾಗವೇ ಇರುವುದಿಲ್ಲ ಅನ್ನಿ. ಬೆಲ್ಟ್ ಹರಿದರೆ, ಇಲ್ಲ ನಾಲ್ಕು ಹಲ್ಲು ಹಾರಿದರೆ, ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬಗ್ಗುತ್ತದೆ. ಗಾಡಿ ಅಲ್ಲೇ ನಿಲ್ಲುತ್ತದೆ.

ಬೆಲ್ಟಿಗೆ ಕಿಲೋಮೀಟರ್ ಲೆಕ್ಕ ಇರುತ್ತದೆ. ವರ್ಷದ ಲೆಕ್ಕವೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದಕ್ಕೆ ಬದಲಿಸಬೇಕು. ಇದನ್ನು ಈಗ ಬಹಳ ಜನ ಪಾಲಿಸುತ್ತಾರೆ. ಆದರೆ ಬದಲಿಸುವಾಗ ಕವರ್ ಒಳಗೆ ಏನು ಸಿಕ್ಕಿತು ಅಂತ ನೋಡುವವರು ಕಮ್ಮಿ. ಏರ್ ಗನ್ ಹಿಡಿದು ಊದುತ್ತಾರೆ, ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತಾರೆ, ಹೊಸ ಬೆಲ್ಟ್ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಒಂದು ಗಾಡಿಯ ಬೆಲ್ಟ್ ಬದಲಿಸುವಾಗ ಬೆಲ್ಟ್ ಕೂರುವ ಹಲ್ಲಿನ ಚಕ್ರ, ಅಂದರೆ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಸುತ್ತ ಕೆಂಪು ಪುಡಿ ಇತ್ತು. ಒಣಗಿದ್ದು, ನುಣ್ಣಗೆ, ಕಾಫಿ ಪುಡಿಯ ಹಾಗೆ. ತುಕ್ಕು ಅಂದುಕೊಂಡೆ. ಒರೆಸಿದೆ. ಹೊಸ ಬೆಲ್ಟ್ ಹಾಕಿದೆ. ಅದು ತುಕ್ಕೇ. ಆದರೆ ನೀರು ಬಿದ್ದು ಬಂದ ತುಕ್ಕಲ್ಲ. ಸ್ಪ್ರಾಕೆಟ್ಟನ್ನು ಕ್ರ್ಯಾಂಕಿಗೆ ಹಿಡಿದಿಡುವ, ಕೀ ಅನ್ನುವ ಒಂದು ಸಣ್ಣ ಉಕ್ಕಿನ ತುಂಡು ಇರುತ್ತದೆ. ಬೋಲ್ಟ್ ಸಡಿಲವಾಗಿ ಆ ಕೀ ತನ್ನ ಕಚ್ಚಿನೊಳಗೆ ಕೂದಲೆಳೆಯಷ್ಟು ಆಡುತ್ತಿತ್ತು. ಉಕ್ಕಿಗೆ ಉಕ್ಕು ಉಜ್ಜಿ ಬಂದ ಪುಡಿ ಅದು. ಕೆಲವೇ ತಿಂಗಳಿಗೆ ಕೀ ಕತ್ತರಿಸಿಹೋಯಿತು, ಕ್ರ್ಯಾಂಕ್-ಕ್ಯಾಮ್ ಲೆಕ್ಕ ತಪ್ಪಿತು. ನೆಲಮಂಗಲ ದಾಟಿದ ಮೇಲೆ ರಾತ್ರಿ ಹೊತ್ತು ಗಾಡಿ ನಿಂತಿತು. ಹೊಸ ಬೆಲ್ಟ್ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಎಂಟೂ ವಾಲ್ವ್ ಬಗ್ಗಿದ್ದವು. ಮಾಲೀಕರು ನನ್ನನ್ನು ಬೈಯಲಿಲ್ಲ. ಮಗಳ ಫೀಸ್ ಕಟ್ಟಲು ಇಟ್ಟಿದ್ದ ದುಡ್ಡು ಎಂಜಿನ್ನಿಗೆ ಹೋಯಿತು ಅಂದರು, ಅಷ್ಟೇ. ನಾನು ಕೆಂಪು ಪುಡಿ ನೋಡಿದ್ದೆ, ಕೈಯಾರೆ ಒರೆಸಿದ್ದೆ. ಆ ದಿನದಿಂದ ಪೊಟ್ಟಣ ಕಟ್ಟಿಡುವ ಅಭ್ಯಾಸ ಬಂತು.

ಈಗ ಈ ಪಿಕಪ್ ವಿಷಯಕ್ಕೆ ಬರೋಣ.

ಮಾಲೀಕರೇ ಡ್ರೈವರ್. ಕೋಲಾರದ ಕಡೆಯಿಂದ ಕಲಾಸಿಪಾಳ್ಯಕ್ಕೆ ಟೊಮೆಟೊ, ಎಲೆಕೋಸು ತರುತ್ತಾರೆ. ಮೀಟರಿನಲ್ಲಿ 96,000 ಕಿಲೋಮೀಟರ್ ಆಗಿತ್ತು. 1,00,000ಕ್ಕೆ ಬೆಲ್ಟ್ ಬದಲಿಸಬೇಕು ಅಂತ ಬುಕ್ಕಿನಲ್ಲಿ ಇದೆ, ಹಬ್ಬದ ಸೀಸನ್ನಿಗೆ ಮುಂಚೆ ಮುಗಿಸಿಬಿಡೋಣ ಅಂತ ಬಂದರು. ‘ಅಣ್ಣ, ಗಾಡೀಲಿ ಏನೂ ತೊಂದರೆ ಇಲ್ಲ, ಚೆನ್ನಾಗಿ ಓಡ್ತಿದೆ’ ಅಂದರು. ನಿಜ. ಸ್ಟಾರ್ಟ್ ಮಾಡಿ ಕೇಳಿದೆ. ಬೇರೆ ಸದ್ದು ಏನೂ ಇರಲಿಲ್ಲ.

ಮೇಲಿನ ಕವರ್ ತೆಗೆದೆವು. ಬೆಲ್ಟಿನ ಬೆನ್ನು ಚೆನ್ನಾಗಿತ್ತು. ಬಿರುಕಿಲ್ಲ, ಎಣ್ಣೆ ಇಲ್ಲ. ಇಷ್ಟು ನೋಡಿ ‘ಬೆಲ್ಟ್ ಇನ್ನೂ ಬರುತ್ತೆ’ ಅನ್ನುವವರು ಇದ್ದಾರೆ. ಹಾಗೆ ಅನ್ನಬೇಡಿ. ಬೆನ್ನು ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಹಲ್ಲು, ಅಂಚು ನೋಡಬೇಕು. ಕ್ರ್ಯಾಂಕ್ ಪುಲ್ಲಿ ಬಿಚ್ಚಿ ಕೆಳಗಿನ ಕವರ್ ಎಳೆದಾಗ ಈ ಪುಡಿ ಸುರಿಯಿತು. ಹೆಲ್ಪರ್ ಹುಡುಗ ಅಷ್ಟರಲ್ಲಿ ಏರ್ ಗನ್ ಕೈಗೆ ತಗೊಂಡಿದ್ದ. ‘ತಡಿ ಮರಿ’ ಅಂದೆ.

ಏರ್ ಗನ್ ಯಾಕೆ ಬೇಡ? ಒಂದು, ಸಾಕ್ಷಿ ಹಾರಿಹೋಗುತ್ತದೆ. ಎರಡು, ಆ ಪುಡಿ ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್, ಬೇರಿಂಗ್ ಸೀಲ್ ಒಳಗೆ ನುಗ್ಗುತ್ತದೆ. ಆಮೇಲೆ ಆರು ತಿಂಗಳಿಗೆ ಸೀಲ್ ಸೋರಿದರೆ ಸೀಲನ್ನು ಬೈಯುತ್ತೇವೆ. ಮೂರು, ಪುಡಿ ಹಾರಿ ಕಣ್ಣಿಗೆ ಬೀಳುತ್ತದೆ.

ಮೊದಲು ಫೋನಿನಲ್ಲಿ ಫೋಟೋ ತೆಗೆದೆವು. ಪುಡಿ ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ. ಪುಡಿ ಏನು ಅನ್ನುವಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಅನ್ನುವುದು. ಕಪ್ಪು ಪುಡಿ ಕವರಿನ ಮುಂಭಾಗದ ಗೋಡೆಯಲ್ಲಿ ಒಂದು ಪಟ್ಟಿಯ ಹಾಗೆ ಹತ್ತಿತ್ತು. ಮಿಂಚುವ ಚೂರು ಐಡ್ಲರ್ ಪುಲ್ಲಿಯ, ಅಂದರೆ ಬೆಲ್ಟಿಗೆ ದಾರಿ ತೋರಿಸುವ ಚಕ್ರದ, ಕೆಳಗೆ ಮಾತ್ರ. ಕೆಂಪು ಎಲ್ಲ ಕಡೆ ಇತ್ತು, ಆದರೆ ಹಿಂದಿನ ಕವರಿನ ಬಲಮೂಲೆಯಲ್ಲಿ ಜಾಸ್ತಿ. ಆ ಮೂಲೆಯ ವಿಷಯಕ್ಕೆ ನಾನು ಆಗ ತಲೆ ಕೆಡಿಸಿಕೊಳ್ಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಯಾಕೆಂದರೆ ಕೆಂಪು ನೋಡಿದ ಕೂಡಲೇ ನನ್ನ ತಲೆಯಲ್ಲಿ ಆ ಹಳೇ ಕೀ ಬಂದು ಕೂತಿತು. ಒಂದು ಸಲ ಸುಟ್ಟುಕೊಂಡವರಿಗೆ ಎಲ್ಲ ಹೊಗೆಯೂ ಬೆಂಕಿ. ‘ಕ್ರ್ಯಾಂಕ್ ಕೀ ಹೋಗಿದೆ, ಬಿಚ್ಚೋ’ ಅಂದೆ. ಬಿಚ್ಚಿದೆವು. ಕೀ ಗಟ್ಟಿಯಾಗಿತ್ತು. ಅದರ ಸುತ್ತ ಒಂದು ಚೂರೂ ಕೆಂಪು ಇಲ್ಲ. ಬೋಲ್ಟ್ ಬಿಗಿಯಾಗೇ ಇತ್ತು. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬಂದು ನೋಡಿದರು. ‘ವಾಟರ್ ಪಂಪ್ ಬೇರಿಂಗ್, ನೋಡೋದೇ ಬೇಡ’ ಅಂದರು. ವಾಟರ್ ಪಂಪನ್ನು ಇದೇ ಬೆಲ್ಟ್ ತಿರುಗಿಸುತ್ತದೆ, ಹಾಗಾಗಿ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಆಟ ಇರಲಿಲ್ಲ.

ಹೊತ್ತು ಮುಳುಗಿತ್ತು. ಪುಡಿಯನ್ನು ಬಿಳಿ ಹಾಳೆಯ ಮೇಲೆ ಹರಡಿ, ಬಣ್ಣ ಬಣ್ಣ ಬೇರೆ ಮಾಡಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಮೊದಲ ಪರೀಕ್ಷೆ ಅಯಸ್ಕಾಂತ. ಅಯಸ್ಕಾಂತವನ್ನು ನೇರ ಪುಡಿಗೆ ತಾಕಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಾಕಿಸಿ. ಕವರ್ ಬಿಚ್ಚಿದರೆ ಹತ್ತಿದ್ದೆಲ್ಲ ಉದುರುತ್ತದೆ. ಬೇರಿಂಗ್ ಉಕ್ಕು ಸರಕ್ಕನೆ ಹತ್ತುತ್ತದೆ. ಮಿಂಚುವ ಚೂರುಗಳು ಹತ್ತಲಿಲ್ಲ. ಹಾಗಾದರೆ ಬೇರಿಂಗ್ ಅಲ್ಲ. ಅಲ್ಯೂಮಿನಿಯಂ ಇರಬಹುದು. ಖಚಿತ ಮಾಡಿಕೊಳ್ಳಲು ಎರಡು ಚೂರನ್ನು ಗಾಜಿನ ಬಟ್ಟಲಿಗೆ ಹಾಕಿ ಕಾಸ್ಟಿಕ್ ಸೋಡಾ ನೀರು ಬಿಟ್ಟೆ. ಗುಳ್ಳೆ ಎದ್ದು ಕರಗಿತು. ಅಲ್ಯೂಮಿನಿಯಂ ಹಾಗೇ ಕರಗುತ್ತದೆ, ಉಕ್ಕು ಕರಗುವುದಿಲ್ಲ. ಐಟಿಐ ಮಕ್ಕಳು ಗಮನವಿಟ್ಟು ಕೇಳಿ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಕಣ್ಣು ಕಳೆಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್. ಬಯಲಲ್ಲಿ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು, ಬೆಂಕಿ ದೂರ ಇಟ್ಟು ಮಾಡಬೇಕು. ಎರಡು ಚೂರು ಸಾಕು. ಸುಮ್ನೆ ಆಟಕ್ಕೆ ಮಾಡಬೇಡಿ.

ಎಳೆಗಳನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ಫ್ಯಾನ್ ಬೆಲ್ಟಿನ ಪಾಲಿಯೆಸ್ಟರ್ ಎಳೆಯಾದರೆ ಮುದುರಿ, ಕರಗಿ, ತುದಿಯಲ್ಲಿ ಗುಂಡು ಕಟ್ಟುತ್ತದೆ. ಹತ್ತಿಯಾದರೆ ಉರಿದು ಬೂದಿ. ಇದು ಎರಡೂ ಆಗಲಿಲ್ಲ. ಮೇಲಿನ ಕಪ್ಪು ಸುಟ್ಟುಹೋಗಿ, ಒಳಗಿನ ಬಿಳಿ ಎಳೆ ಕೆಂಪಗೆ ಕಾದು ಹಾಗೇ ಉಳಿಯಿತು. ಗಾಜು. ಅಂದರೆ ಟೈಮಿಂಗ್ ಬೆಲ್ಟಿನ ಹೊಟ್ಟೆಯೊಳಗಿನ ಹುರಿ ಹೊರಗೆ ಬಂದಿದೆ! ಬೆನ್ನು ಚೆನ್ನಾಗಿ ಕಂಡ ಆ ಬೆಲ್ಟಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಮುಂದಿನ ಅಂಚು ಸವೆದು ಹುರಿ ಕಿತ್ತು ಬರುತ್ತಿತ್ತು. ನಿಜ ಹೇಳುತ್ತೇನೆ, ಕೈ ಒಂದು ಕ್ಷಣ ತಣ್ಣಗಾಯಿತು. ಮಾರನೇ ದಿನವೇ ಅವರು ಲೋಡ್ ಹಾಕಿಕೊಂಡು ಹೊರಡುವವರಿದ್ದರು.

ಕಪ್ಪು ಪುಡಿ ಏನು ಅಂತ ಈಗ ಕೇಳಬೇಕಾಗಿಲ್ಲ. ಅಂಚು ಸವೆದ ರಬ್ಬರ್. ಬೆಲ್ಟ್ ಮುಂದಕ್ಕೆ ಸರಿದು ಓಡುತ್ತಿತ್ತು.

ಯಾಕೆ ಸರಿಯಿತು? ಮಿಂಚುವ ಚೂರು ಐಡ್ಲರ್ ಕೆಳಗೆ ಮಾತ್ರ ಇತ್ತು ಅಂದೆನಲ್ಲ. ಐಡ್ಲರ್ ಹಿಡಿದು ಅಲ್ಲಾಡಿಸಿದೆ. ಆಟ ಇತ್ತು. ತಿರುಗಿಸಿದರೆ ಸಕ್ಕರೆ ಅಗಿದ ಹಾಗೆ ಸದ್ದು. ಅದರ ಹಿಂದಿನ ಅಲ್ಯೂಮಿನಿಯಂ ಬ್ರಾಕೆಟ್ ಮೇಲೆ ಅರ್ಧ ಚಂದ್ರನ ಆಕಾರದಲ್ಲಿ ಉಜ್ಜಿದ ಗುರುತು. ಪುಲ್ಲಿ ವಾಲಿ, ಅದರ ಅಂಚು ಬ್ರಾಕೆಟ್ಟಿಗೆ ತಾಕಿ, ಚೂರು ಕೆರೆದು ಹಾಕಿದೆ. ಪುಲ್ಲಿ ವಾಲಿದ್ದಕ್ಕೆ ಬೆಲ್ಟ್ ಒಂದು ಕಡೆ ಸರಿದಿದೆ. ಮೂರು ಬಗೆಯ ಪುಡಿಗೂ ಉತ್ತರ ಸಿಕ್ಕಂತಾಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಐಡ್ಲರ್ ಹೋಗಿದೆ, ಕಿಟ್ ಹಾಕೋಣ, ಮುಗೀತು. ಬಹಳ ಸಲ ಹೀಗೇ ನಿಲ್ಲಿಸುತ್ತೇವೆ. ಆದರೆ 96,000ಕ್ಕೆ ಐಡ್ಲರ್ ಬೇರಿಂಗ್ ಯಾಕೆ ಹೋಯಿತು? ಸಂದಿಯಲ್ಲಿ ನೋಡಿದರೆ ಸೀಲಿನ ತುಟಿಯಲ್ಲೂ ಕೆಂಪು ಮೆತ್ತಿತ್ತು. ಅದು ಒಳಗಿನಿಂದ ಬಂದಿದ್ದೋ, ಹೊರಗಿನಿಂದ ಹೋಗಿದ್ದೋ? ಬೇರಿಂಗಿನಿಂದಲೇ ಬಂದ ತುಕ್ಕಾದರೆ ಹೊಸ ಐಡ್ಲರ್ ಹಾಕಿದರೆ ಸಾಕು. ಹೊರಗಿನಿಂದ ಹೋಗಿದ್ದಾದರೆ ಹೊಸದಕ್ಕೂ ಅದೇ ಗತಿ. ಎಲ್ಲ ಈ ಕೆಂಪಿನ ಮೇಲೇ ನಿಂತಿತ್ತು.

ಕೆಂಪಿಗೆ ಅಯಸ್ಕಾಂತ ತೋರಿಸಿದೆ. ಸ್ವಲ್ಪ ಹತ್ತಿತು, ಬಹಳಷ್ಟು ಹತ್ತಲಿಲ್ಲ. ಇದು ನಮ್ಮನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು. ಕೆಂಪು ತುಕ್ಕು ಅಯಸ್ಕಾಂತಕ್ಕೆ ಬಲವಾಗಿ ಹತ್ತುವುದಿಲ್ಲ. ನಮ್ಮ ಕೆಮ್ಮಣ್ಣೂ ಹಾಗೇ. ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡೇ. ಮಣ್ಣಿನಲ್ಲಿ ಕಪ್ಪು ಮ್ಯಾಗ್ನೆಟೈಟ್ ಕಾಳು ಕೂಡ ಇರುತ್ತದೆ. ಚಿಕ್ಕವರಿದ್ದಾಗ ಮರಳಿನ ರಾಶಿಯಲ್ಲಿ ಅಯಸ್ಕಾಂತ ಆಡಿಸಿ ಮೀಸೆ ಬರಿಸುತ್ತಿದ್ದೆವಲ್ವಾ? ಅದೇ. ಹಾಗಾಗಿ ಅಯಸ್ಕಾಂತ ಒಂದನ್ನೇ ನಂಬಿದರೆ ಮಣ್ಣನ್ನು ಲೋಹ ಅಂದುಕೊಳ್ಳುವ ಅಪಾಯ ಇದೆ.

ಮಾರನೇ ದಿನ ಬೆಳಿಗ್ಗೆ ಎರಡು ಸುಲಭದ ಪರೀಕ್ಷೆ ಮಾಡಿದೆ. ಒಂದು ಲೋಟ ನೀರಿಗೆ ಕೆಂಪು ಹಾಕಿ ಕದಡಿದೆ. ಭಾರದ ಕಾಳು ತಕ್ಷಣ ತಳಕ್ಕೆ ಕೂತಿತು. ಮೇಲೆ ನೀರು ಮಧ್ಯಾಹ್ನದವರೆಗೂ ಕೆಂಪಗೇ ಇತ್ತು, ಮಳೆಗಾಲದ ಕೆರೆ ಹಾಗೆ. ತಳದ ಕಾಳು ತೆಗೆದು ಒಡೆದ ಗಾಜಿನ ಚೂರಿನ ಮೇಲೆ ಇಟ್ಟು ಇನ್ನೊಂದು ಗಾಜಿನಿಂದ ಉಜ್ಜಿದೆ. ಕರಕರ ಅಂದು ಗಾಜಿನ ಮೇಲೆ ಗೀರು ಬಿತ್ತು. ತುಕ್ಕಿನ ನುಣ್ಣನೆ ಪುಡಿಗೆ ಹಾಗೆ ಗೀರುವ ಶಕ್ತಿ ಇಲ್ಲ. ಗೀರಿದ್ದು ಬೆಣಚುಕಲ್ಲಿನ ಕಾಳು.

ಬೆಣಚುಕಲ್ಲಿನ ಗಡಸುತನ ಮೋಸ್ ಅಳತೆಯಲ್ಲಿ 7. ಗಾಜಿನದು ಸುಮಾರು 5.5. ಸಾಮಾನ್ಯ ಉಕ್ಕು ಕೂಡ ಬೆಣಚುಕಲ್ಲಿಗಿಂತ ಮೆದು. ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ವಾ? ಸುಮಾರು 300 ಕೋಟಿ ವರ್ಷದ, ನೈಸ್ ಎಂಬ ಜಾತಿಯ ಶಿಲೆ ಅದು. ನಮ್ಮ ಸುತ್ತಲಿನ ಮಣ್ಣು ಬಹುಪಾಲು ಅಂಥ ಕಲ್ಲೇ ಕೊಳೆತು, ಪುಡಿಯಾಗಿ ಆದದ್ದು. ಬೇರೆ ಖನಿಜ ಕೊಳೆತು ಜೇಡಿಯಾಗುತ್ತದೆ. ಬೆಣಚುಕಲ್ಲು ಕೊಳೆಯುವುದಿಲ್ಲ, ಕಾಳಾಗಿ ಉಳಿಯುತ್ತದೆ. ಕೈಯಲ್ಲಿ ಹಿಡಿದರೆ ಮೆತ್ತಗಿರುವ ಕೆಮ್ಮಣ್ಣು ಬೆಲ್ಟಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕರೆ ಉಪ್ಪುಕಾಗದ. ಸ್ಪ್ರಾಕೆಟ್ಟಿನ ಹಲ್ಲಿನ ಸಂದಿಗಳು ಕನ್ನಡಿ ಹಾಗೆ ಹೊಳೆಯುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಬೆಲ್ಟಿನ ಹಲ್ಲಿನ ಮೇಲಿನ ನೈಲಾನ್ ಬಟ್ಟೆ ಎಳೆತ ಬೀಳುವ ಕಡೆ ಸವೆದು ತೆಳ್ಳಗಾಗಿತ್ತು.

ಸರಿ, ಮಣ್ಣು. ಕವರ್ ಮುಚ್ಚಿರುವಾಗ ಇಷ್ಟು ಮಣ್ಣು ಹೇಗೆ ಬಂತು? ರಸ್ತೆ ಧೂಳಾದರೆ ಎಲ್ಲ ಕಡೆ ಸಮನಾಗಿ, ಪೌಡರ್ ಹಚ್ಚಿದ ಹಾಗೆ ಕೂರುತ್ತದೆ. ಇದು ಉಂಡೆ ಉಂಡೆ. ಅದೂ ಒಂದು ಮೂಲೆಯಲ್ಲಿ ಜಾಸ್ತಿ.

ಭೂತಗನ್ನಡಿ ಇಟ್ಟು ನೋಡುತ್ತಾ ಕೂತೆ. ಕೆಂಪು ಉಂಡೆಗಳ ನಡುವೆ ಒಂದು ಕಾಲು ಕಂಡಿತು. ಗಂಟು ಗಂಟಾಗಿ, ಮೇಲೆ ಸಣ್ಣ ರೋಮ. ಇನ್ನೊಂದು ಸಿಕ್ಕಿತು. ಆಮೇಲೆ ಮೂರು ನಾಲ್ಕು. ಜೇಡರ ಹುಳದ ಕಾಲು. ಒಂದು ಜೇಡ ಸತ್ತು ಬಿದ್ದಿದ್ದರೆ ಎಂಟು ಕಾಲು. ನಾವು ಎಣಿಸಿದ್ದು ಇಪ್ಪತ್ತಕ್ಕೂ ಜಾಸ್ತಿ.

ಹೆಲ್ಪರ್ ಹುಡುಗ ಆ ಹೊತ್ತಿಗೆ ಹಿಂದಿನ ಕವರಿನ ಬಲಮೂಲೆಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ. ಒಂದು ಮಣ್ಣಿನ ಚಿಪ್ಪು ಕಿತ್ತು ತಂದ. ಒಳಗೆ ನುಣ್ಣಗೆ, ಹೊರಗೆ ಒರಟು, ಒಡೆದ ಕುಡಿಕೆಯ ಅರ್ಧದ ಹಾಗೆ. ‘ಅಣ್ಣ, ಇದು ಕುಂಬಾರ ಹುಳದ ಗೂಡು. ನಮ್ಮೂರಲ್ಲಿ ಸ್ವಿಚ್ ಬೋರ್ಡ್ ಒಳಗೆಲ್ಲ ಕಟ್ತಾವೆ’ ಅಂದ.

ಮಣ್ಣಿನ ಗೂಡು ಕಟ್ಟುವ ಕಣಜ. ಹೆಣ್ಣು ಕಣಜ ಹಸಿ ಮಣ್ಣಿನ ಸಣ್ಣ ಉಂಡೆ ತಂದು ತಂದು ಕೋಣೆ ಕಟ್ಟುತ್ತದೆ. ಜೇಡಗಳನ್ನು ಕುಟುಕಿ, ಸಾಯಿಸದೆ ಮರಗಟ್ಟಿಸಿ, ಕೋಣೆಯೊಳಗೆ ತುಂಬುತ್ತದೆ. ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಮರಿಗೆ ಬುತ್ತಿ ಕಟ್ಟಿಟ್ಟ ಹಾಗೆ. ಅದಕ್ಕೆ ಬೇಕಾಗಿದ್ದು ಮಳೆ ಬೀಳದ, ಅಲ್ಲಾಡದ ಒಂದು ಸಂದಿ.

ಮಾಲೀಕರಿಗೆ ಫೋನ್ ಮಾಡಿದೆ. ಗಾಡಿ ಯಾವಾಗಾದರೂ ಬಹಳ ದಿನ ನಿಂತಿತ್ತಾ ಅಂತ ಕೇಳಿದೆ. ಹಿಂದಿನ ದಿನ ಎಣ್ಣೆ ಬಗ್ಗೆ ಕೇಳಿದ್ದೆ, ಲೋಡ್ ಬಗ್ಗೆ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ಅವರು ಹೇಳಿದರು: ಕಾಲು ಮುರಿದು ಐದು ತಿಂಗಳು ಮಲಗಿದ್ದರು. ಗಾಡಿ ತೋಟದ ಹತ್ತಿರ ಹೊಂಗೆ ಮರದ ಕೆಳಗೆ ನಿಂತಿತ್ತು. ಅದಾದ ಮೇಲೆ 22,000 ಕಿಲೋಮೀಟರ್ ಓಡಿದೆ. ಕಣಜ ಒಳಗೆ ಬಂದ ದಾರಿ ಯಾವುದು ಅಂತಲೂ ಸಿಕ್ಕಿತು. ಕ್ರ್ಯಾಂಕ್, ಕ್ಯಾಮ್ ಸರಿಯಾಗಿ ಕೂಡಿವೆಯಾ ಅಂತ ಗುರುತು ನೋಡಲು ಕವರಿನಲ್ಲಿ ಒಂದು ತೂತು ಇರುತ್ತದೆ. ಅದಕ್ಕೆ ರಬ್ಬರ್ ಮುಚ್ಚಳ. ಮುಚ್ಚಳ ಇರಲಿಲ್ಲ. ಯಾವ ಕಾಲದಲ್ಲಿ ಬಿದ್ದುಹೋಯಿತೋ, ಅವರು ಗಾಡಿ ತಗೊಂಡಿದ್ದೇ ಸೆಕೆಂಡ್ ಹ್ಯಾಂಡ್.

ಈಗ ಮೊದಲಿನಿಂದ ಜೋಡಿಸಿ ನೋಡಿ. ಮುಚ್ಚಳ ಇಲ್ಲದ ತೂತಿನಿಂದ ಕಣಜ ಬಂತು, ಬೆಲ್ಟ್ ತಾಕದ ಮೂಲೆಯಲ್ಲಿ ಗೂಡು ಕಟ್ಟಿತು. ಗಾಡಿ ಓಡಲು ಶುರುವಾದ ಮೇಲೆ ಗೂಡು ಅದುರಿ ಅದುರಿ ಉದುರಿತು. ಮರಳು ಐಡ್ಲರ್ ಸೀಲಿಗೆ ನುಗ್ಗಿತು. ಬೇರಿಂಗ್ ಸವೆದು ಪುಲ್ಲಿ ವಾಲಿತು. ಅಲ್ಯೂಮಿನಿಯಂ ಕೆರೆಯಿತು, ಬೆಲ್ಟ್ ಸರಿಯಿತು, ಅಂಚಿನಿಂದ ಗಾಜಿನ ಹುರಿ ಬಂತು. ಇಷ್ಟಕ್ಕೆಲ್ಲ ಮೂಲ ಹತ್ತೋ ಇಪ್ಪತ್ತೋ ರೂಪಾಯಿಯ ಒಂದು ರಬ್ಬರ್ ಮುಚ್ಚಳ.

ಇದು ಅಪರೂಪದ ಕಥೆ ಅಂತ ಅನ್ನಿಸಬಹುದು. ಕಣಜದ ಗೂಡನ್ನು ಹಗುರ ಮಾಡಬೇಡಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದಲ್ಲಿ ಒಂದು ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿತ್ತು. 189 ಜನ ತೀರಿಕೊಂಡರು. ವೇಗ ಅಳೆಯುವ ಪಿಟೊ ನಳಿಕೆ ಮುಚ್ಚಿಹೋಗಿತ್ತು. ಆ ವಿಮಾನ ಅದಕ್ಕೆ ಮುಂಚೆ ಹಲವು ದಿನ ನಳಿಕೆಗೆ ಮುಚ್ಚಿಗೆ ಇಲ್ಲದೆ ನಿಂತಿತ್ತು. ಮಣ್ಣಿನ ಗೂಡು ಕಟ್ಟುವ ಕಣಜವೇ ಕಾರಣ ಇರಬೇಕು ಅಂತ ತನಿಖೆ ಮಾಡಿದವರು ಅಂದಾಜಿಸಿದರು. ನಾನು ಆ ವಿಷಯ ಓದಿದ್ದು ಈ ಪಿಕಪ್ ಕೆಲಸ ಮುಗಿದ ಮೇಲೆ. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗಾಡಿಗೆ ಏನು ಮಾಡಿದಿರಿ ಅಂತ ಕೇಳುತ್ತೀರಿ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಎಲ್ಲ ಹೊಸದು. ಬೆಲ್ಟ್ ಬಿಚ್ಚಿದಾಗ ಇವನ್ನೆಲ್ಲ ಒಟ್ಟಿಗೆ ಬದಲಿಸುವುದೇ ಲಾಭ, ಕೂಲಿ ಒಂದೇ ಸಲ. ಸ್ಪ್ರಾಕೆಟ್ ಬಿಚ್ಚಿ ತೊಳೆದು, ಹಲ್ಲು ಸವೆದಿದೆಯಾ ಅಂತ ಅಳೆದು ನೋಡಿದೆವು. ಕ್ಯಾಮ್ ಸ್ಪ್ರಾಕೆಟ್ ಉಳಿಯಿತು, ಕ್ರ್ಯಾಂಕಿನದು ಬದಲಾಯಿತು. ಕವರ್ ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಊದಲಿಲ್ಲ. ಹೊಸ ರಬ್ಬರ್ ಮುಚ್ಚಳ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಎಂಜಿನ್ನನ್ನು ಸ್ಪ್ಯಾನರಿನಲ್ಲಿ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ, ಗುರುತು ಮತ್ತೆ ಕೂಡಿತು ಅಂತ ನೋಡಿ ಆಮೇಲೆ ಸ್ಟಾರ್ಟ್ ಮಾಡಿದೆವು. 5,000 ಕಿಲೋಮೀಟರಿಗೆ ವಾಪಸ್ ಬನ್ನಿ ಅಂದಿದ್ದೆ. ಬಂದರು. ಮುಚ್ಚಳ ತೆಗೆದು ಬಿಳಿ ಬಟ್ಟೆ ಒಳಗೆ ಆಡಿಸಿದೆ. ಹೊಸ ಬೆಲ್ಟಿನ ತೆಳುವಾದ ಕಪ್ಪು ಮಾತ್ರ ಬಂತು.

ಮಿಕ್ಕ ಪೊಟ್ಟಣಗಳನ್ನು ಬೇಗ ತೋರಿಸುತ್ತೇನೆ. ಇದು ಹಸಿರು ಹರಳು, ಉಪ್ಪಿನ ಹಾಗೆ. ಒಣಗಿದ ಕೂಲೆಂಟ್. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸೋರಿದರೆ ಅಲ್ಲಿಂದ ಹೊರಗೆ ಬಂದು ಒಣಗುತ್ತದೆ. ಬಣ್ಣ ಕೂಲೆಂಟಿನ ಮೇಲೆ ಹೋಗುತ್ತದೆ, ಗುಲಾಬಿಯೂ ಇರಬಹುದು. ದಯವಿಟ್ಟು ನಾಲಿಗೆಗೆ ಮುಟ್ಟಿಸಬೇಡಿ. ಕೆಲವು ಹಳಬರು ಸಿಹಿ ಇದೆಯಾ ಅಂತ ನೋಡುತ್ತಿದ್ದರು. ಎಥಿಲೀನ್ ಗ್ಲೈಕಾಲ್ ವಿಷ. ಇದು ಕಪ್ಪು ಜಿಡ್ಡಿನ ಉಂಡೆ, ಸೀಲ್ ಹೋದ ಟೆನ್ಷನರ್ ಬೇರಿಂಗಿನಿಂದ ಸಿಡಿದ ಗ್ರೀಸ್. ಇದು ರಬ್ಬರಿನ ಹಾಗೆ ಎಳೆದರೆ ಹಿಗ್ಗುವ ಬೂದು ಚೂರು. ಹಿಂದೆ ಯಾರೋ ಜಾಸ್ತಿ ಬಳಿದ ಸಿಲಿಕಾನ್ ಪೇಸ್ಟ್.

ಈ ಎಳೆಯ ಉಂಡೆ ಮಾತ್ರ ಸ್ವಲ್ಪ ಹೊತ್ತು ನೋಡಿ. ಇದು ಗಾಜಲ್ಲ, ಬೆಂಕಿಗೆ ಕರಗಿತು. ಹೊರಗಿನ ಫ್ಯಾನ್ ಬೆಲ್ಟ್ ಅಂಚು ಕಿತ್ತು, ಅದರ ಎಳೆ ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸಂದಿಯಿಂದ ಟೈಮಿಂಗ್ ಕವರ್ ಒಳಗೆ ಹೋಗಿ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡಿತ್ತು. ಇನ್ನೊಂದಿಷ್ಟು ಸುತ್ತಿದ್ದರೆ ಟೈಮಿಂಗ್ ಬೆಲ್ಟ್ ಹಲ್ಲು ಹಾರುತ್ತಿತ್ತು. 200 ರೂಪಾಯಿ ಉಳಿಸಲು ಹಳೇ ಫ್ಯಾನ್ ಬೆಲ್ಟನ್ನೇ ಮತ್ತೆ ಹಾಕಿ ಅನ್ನುವವರಿಗೆ ನಾನು ಈ ಪೊಟ್ಟಣ ತೋರಿಸುತ್ತೇನೆ.

ಕೊನೆಗೆ ಪ್ರಶ್ನೆಗಳು ಬಂದವು. ಗ್ಯಾರೇಜ್ ನಡೆಸುವ ಒಬ್ಬರು ಕೇಳಿದರು, ‘ದಿನಕ್ಕೆ ನಾಲ್ಕು ಗಾಡಿ ಮುಗಿಸಬೇಕು, ಇಷ್ಟೆಲ್ಲ ಎಲ್ಲಿ ಮಾಡೋಣ ಸಾರ್?’ ನ್ಯಾಯವಾದ ಪ್ರಶ್ನೆ. ಎಲ್ಲ ಗಾಡಿಗೂ ಕಾಸ್ಟಿಕ್ ಸೋಡಾ ಬೇಡ. ಫೋಟೋ, ಅಯಸ್ಕಾಂತ, ಭೂತಗನ್ನಡಿ, ಇಷ್ಟಕ್ಕೆ ಐದು ನಿಮಿಷ. ಪುಡಿಗೆ ಕಾರಣ ಕಣ್ಣೆದುರೇ ಇದ್ದರೆ ಕೆಲಸ ಮುಂದುವರಿಸಿ. ಕಾರಣ ಕಾಣದಿದ್ದರೆ ಹೊಸ ಬೆಲ್ಟ್ ಹಾಕಬೇಡಿ. ಒಂದು ದಿನ ತಡವಾಗುತ್ತದೆ ಅಂತ ಮಾಲೀಕರಿಗೆ ನೇರವಾಗಿ ಹೇಳಿ. ನನ್ನ ಅನುಭವದಲ್ಲಿ ಆ ಪೊಟ್ಟಣ ಕೈಗೆ ಕೊಟ್ಟು ತೋರಿಸಿದರೆ ಯಾರೂ ಬೇಡ ಅಂದಿಲ್ಲ.

ಎರಡು ಗೂಡ್ಸ್ ಗಾಡಿ ಇಟ್ಟಿರುವ ಒಬ್ಬ ಅಮ್ಮ ಕೇಳಿದರು, ‘ನನಗೆ ಎಂಜಿನ್ ಗೊತ್ತಿಲ್ಲ. ಮೆಕ್ಯಾನಿಕ್ ಹತ್ತಿರ ಏನು ಕೇಳಲಿ?’ ಮೂರು ಮಾತು ಕೇಳಿ ಅಮ್ಮ. ಹಳೇ ಬೆಲ್ಟ್, ಹಳೇ ಪುಲ್ಲಿ ನನಗೆ ಕೊಡಿ ಅನ್ನಿ. ಕವರ್ ಬಿಚ್ಚಿದ ಕೂಡಲೇ, ಒರೆಸುವ ಮುಂಚೆ, ಫೋಟೋ ಕಳಿಸಿ ಅನ್ನಿ. ಮುಚ್ಚಳ, ಬೀಡಿಂಗ್ ಎಲ್ಲ ವಾಪಸ್ ಕೂತಿದೆಯಾ ಅಂತ ಕೇಳಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಅದನ್ನು ನೀವೇ ಮೊದಲು ಹೇಳಿ. ಅವರು ಕೇಳುತ್ತಾರೆ ಅಂತ ಕಾಯಬೇಡಿ.

ಜನ ಏಳುವ ಹೊತ್ತಿಗೆ ಕೊನೆಯ ಸಾಲಿನ ಒಬ್ಬ ಐಟಿಐ ಹುಡುಗಿ ಮೇಜಿನ ಹತ್ತಿರ ಬಂದಳು. ಮೊದಲು ದಾಟಿಸಿದ್ದ ಪಿಕಪ್ ಪೊಟ್ಟಣ ಅವಳ ಕೈಯಲ್ಲೇ ಉಳಿದಿತ್ತು. ಭೂತಗನ್ನಡಿ ಇಸ್ಕೊಂಡು ನೋಡುತ್ತಿದ್ದಳು. ‘ಸಾರ್, ಇದರಲ್ಲಿ ಹಸಿರೂ ಇದೆ’ ಅಂದಳು. ಸಾಸಿವೆಯ ಅರ್ಧದಷ್ಟು ಒಂದು ಚೂರು, ಕೆಂಪು ಮಣ್ಣಿನ ಉಂಡೆಗೆ ಅಂಟಿಕೊಂಡು. ಒಂದೂವರೆ ದಿನ ನೋಡಿಯೂ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಸೋಮವಾರ ಗ್ಯಾರೇಜಿಗೆ ಹೋದವನೇ ಆ ಗಾಡಿಯ ಹಳೇ ವಾಟರ್ ಪಂಪ್ ಹುಡುಕಿ ತೆಗೆದೆ. ಅಡಿಯ ತೂತಿನ ಕೆಳಗೆ ಬೆರಳುಗುರಿನಷ್ಟು ಉದ್ದದ ಒಂದು ಹಸಿರು ಗೆರೆ ಇತ್ತು.